ಕಿಂಕಾಜೂ: ಇಟ್ಟ ಹೆಸರೆಲ್ಲ ಬೇರೆಯವರದ್ದೇ

2024ರ ಜೂನ್ ತಿಂಗಳು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಯಾಕಿಮಾ ಎಂಬ ಊರಿನ ಹತ್ತಿರ, ಹೆದ್ದಾರಿ ಪಕ್ಕದ ರೆಸ್ಟ್ ಏರಿಯಾದಲ್ಲಿ ಒಂದು ವಿಚಿತ್ರ ಪ್ರಾಣಿ ಸಿಕ್ಕಿತು. ಜೇನುಬಣ್ಣದ ಮೈ, ಗುಂಡು ಮುಖ, ದೊಡ್ಡ ಕಣ್ಣು, ಮೈಯಷ್ಟೇ ಉದ್ದದ ಬಾಲ. ರಸ್ತೆ ಇಲಾಖೆಯವರು ಅದರ ಫೋಟೋ ಹಾಕಿದ್ದೇ ತಡ, ಸುದ್ದಿ ಎಲ್ಲ ಕಡೆ ಓಡಿತು. ಅದು ಕಿಂಕಾಜೂ. ಆ ರಾಜ್ಯದ ಪ್ರಾಣಿಯೇ ಅಲ್ಲ, ಸಾವಿರಾರು ಕಿಲೋಮೀಟರ್ ದಕ್ಷಿಣದ ಮಳೆಕಾಡಿನದ್ದು. ವನ್ಯಜೀವಿ ಇಲಾಖೆಯವರು ಅದನ್ನು ಹಿಡಿದು ಟಕೋಮಾದ ಪಾಯಿಂಟ್ ಡಿಫೈಯನ್ಸ್ ಮೃಗಾಲಯಕ್ಕೆ ಸೇರಿಸಿದರು.

ಈಗ ನಮ್ಮವರ ಮೊಬೈಲಿನಲ್ಲೂ ಇದರ ರೀಲ್ಸ್ ಓಡಾಡುತ್ತಿವೆ. ಬಾಳೆಹಣ್ಣು ತಿನ್ನುವ ಕಿಂಕಾಜೂ, ಯಾರದೋ ಹೆಗಲ ಮೇಲೆ ಮಲಗಿದ ಕಿಂಕಾಜೂ. ಕೆಳಗೆ ಕಾಮೆಂಟು ನೋಡಿದರೆ ಒಬ್ಬರು ಕೋತಿ ಅಂತಾರೆ, ಇನ್ನೊಬ್ಬರು ಕರಡಿಮರಿ ಅಂತಾರೆ, ಮತ್ತೊಬ್ಬರಿಗೆ ಅದು ಲೀಮರ್. ನಗುವ ಹಾಗಿಲ್ಲ. ಕಳೆದ ಮುನ್ನೂರು ಚಿಲ್ಲರೆ ವರ್ಷಗಳಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳೂ ಇದೇ ಕೆಲಸ ಮಾಡಿದ್ದಾರೆ. ಈ ಪ್ರಾಣಿಗೆ ಇರುವ ಹೆಸರುಗಳಲ್ಲಿ ಹೆಚ್ಚಿನವು ಬೇರೆ ಪ್ರಾಣಿಗಳಿಂದ ತಂದವು. ಕಿಂಕಾಜೂ ಅನ್ನುವ ಹೆಸರೂ ಸೇರಿದಂತೆ.

## ಏನಿದು, ಎಲ್ಲಿಯದು

ಕಿಂಕಾಜೂ ಮರದ ಮೇಲೇ ಬದುಕು ಕಳೆಯುವ ಸಸ್ತನಿ. ಮೆಕ್ಸಿಕೋದಿಂದ ಹಿಡಿದು ಮಧ್ಯ ಅಮೆರಿಕದ ದೇಶಗಳನ್ನು ದಾಟಿ, ದಕ್ಷಿಣ ಅಮೆರಿಕದ ಬೊಲಿವಿಯಾ ಮತ್ತು ಬ್ರೆಜಿಲ್ ತನಕ ಇದರ ನೆಲೆ. ಸಮುದ್ರಮಟ್ಟದ ಕಾಡಿನಲ್ಲೂ ಇದೆ, ಸುಮಾರು 2500 ಮೀಟರ್ ಎತ್ತರದ ಬೆಟ್ಟದ ಕಾಡಿನಲ್ಲೂ ಇದೆ. ತಲೆಯಿಂದ ಬೆನ್ನಿನ ಕೊನೆಯವರೆಗೆ 40ರಿಂದ 60 ಸೆಂಟಿಮೀಟರ್, ಬಾಲ ಮತ್ತೆ ಅಷ್ಟೇ. ತೂಕ ಒಂದೂವರೆ ಕಿಲೋದಿಂದ ನಾಲ್ಕೂವರೆ ಕಿಲೋ. ಅಂದರೆ ಹೆಚ್ಚುಕಮ್ಮಿ ಒಂದು ಮನೆಬೆಕ್ಕಿನ ಗಾತ್ರ.

ಹಗಲಿಡೀ ಮರದ ಪೊಟರೆಯಲ್ಲಿ ನಿದ್ದೆ. ಕತ್ತಲಾಗುತ್ತಿದ್ದ ಹಾಗೆ ಹೊರಗೆ ಬರುತ್ತದೆ. ಸಂಜೆ ಏಳರಿಂದ ನಡುರಾತ್ರಿಯ ತನಕ ಓಡಾಟ ಜೋರು, ಬೆಳಗಾಗುವ ಮುಂಚೆ ಇನ್ನೊಂದು ಸುತ್ತು. ನೆಲಕ್ಕೆ ಇಳಿಯುವುದು ತೀರಾ ಅಪರೂಪ. ಹಾಗಾಗಿ ಅದೇ ಕಾಡಿನ ಪಕ್ಕದಲ್ಲಿ ಬದುಕುವ ಜನರೂ ಇದನ್ನು ಪೂರ್ತಿಯಾಗಿ ನೋಡುವುದು ಕಡಿಮೆ. ಟಾರ್ಚ್ ಬೆಳಕಿಗೆ ಮೇಲೆ ಎಲ್ಲೋ ಹೊಳೆಯುವ ಎರಡು ಕಣ್ಣು, ಎಲೆಗಳ ಸದ್ದು, ನಾಯಿ ಬೊಗಳಿದಂಥ ಒಂದು ಕೂಗು. ಅಷ್ಟರಲ್ಲೇ ಇದು ಯಾವ ಪ್ರಾಣಿ ಅಂತ ಊಹಿಸಬೇಕು. ಹೆಸರಿನ ಗೊಂದಲದ ಅರ್ಧ ಕಾರಣ ಇಲ್ಲೇ ಇದೆ.

## ಮಾಂಸಾಹಾರಿ ಗಣದಲ್ಲಿ ಹಣ್ಣು ತಿನ್ನುವವ

ಪ್ರಾಣಿಗಳನ್ನು ವಿಂಗಡಿಸುವಾಗ ವಿಜ್ಞಾನಿಗಳು ಹತ್ತಿರದ ಕುಟುಂಬಗಳನ್ನೆಲ್ಲ ಸೇರಿಸಿ ಒಂದು ದೊಡ್ಡ ಗುಂಪು ಮಾಡುತ್ತಾರೆ. ಅದಕ್ಕೆ ಗಣ ಅಂತ ಹೆಸರು. ಕಿಂಕಾಜೂ ಇರುವುದು ಕಾರ್ನಿವೊರಾ ಗಣದಲ್ಲಿ. ಹುಲಿ, ನಾಯಿ, ಕರಡಿ, ಮುಂಗುಸಿ, ನೀರುನಾಯಿ ಎಲ್ಲವೂ ಇದೇ ಗಣದವು. ಕಾರ್ನಿವೊರಾ ಅಂದರೆ ಮಾಂಸ ತಿನ್ನುವವು. ಆದರೆ ಕಿಂಕಾಜೂವಿನ ಊಟದಲ್ಲಿ ಸುಮಾರು 90 ಭಾಗ ಹಣ್ಣು! ಉಳಿದದ್ದು ಎಲೆ, ಚಿಗುರು, ಹೂವಿನ ಮಕರಂದ.

ಇದು ಹೇಗೆ ಸರಿಹೋಗುತ್ತದೆ? ನಮ್ಮಲ್ಲಿ ಶಾನುಭೋಗರು ಅನ್ನುವ ಮನೆತನದ ಹೆಸರಿದೆಯಲ್ಲ, ಅದನ್ನು ನೆನೆಸಿಕೊಳ್ಳಿ. ಮುತ್ತಾತ ಊರಿನ ಲೆಕ್ಕ ಬರೆಯುತ್ತಿದ್ದರು. ಮರಿಮಗ ಇವತ್ತು ಬೆಂಗಳೂರಿನಲ್ಲಿ ದಂತವೈದ್ಯ. ಆದರೂ ಹೆಸರಿನ ಹಿಂದೆ ಶಾನುಭೋಗ್ ಇದೆ. ಆ ಹೆಸರು ಅವರು ಯಾರ ಮನೆಯವರು ಅಂತ ಹೇಳುತ್ತದೆಯೇ ಹೊರತು, ಈಗ ಏನು ಮಾಡುತ್ತಾರೆ ಅಂತಲ್ಲ. ಕಾರ್ನಿವೊರಾ ಕೂಡ ಹಾಗೇ. ಈ ಗಣದ ಪೂರ್ವಜರು ಮಾಂಸ ತಿನ್ನುತ್ತಿದ್ದರು. ಮುಂದಿನವರಲ್ಲಿ ಕೆಲವರು ದಾರಿ ಬದಲಿಸಿದರು. ಬಿದಿರು ತಿನ್ನುವ ಪಾಂಡಾ ಕೂಡ ಇದೇ ಗಣದ್ದು.

ಕಿಂಕಾಜೂವಿನ ಬಾಯಿ ನೋಡಿದರೆ ಹಳೆಯದು, ಹೊಸದು ಎರಡೂ ಕಾಣುತ್ತವೆ. ಮುಂದಿನ ಕೋರೆಹಲ್ಲು ಚೂಪು, ಮಾಂಸ ತಿನ್ನುವ ಪೂರ್ವಜರ ಕುರುಹು. ಹಿಂದಿನ ದವಡೆಹಲ್ಲು ಮಾತ್ರ ಚಪ್ಪಟೆ, ಮೆತ್ತಗಿನ ಹಣ್ಣು ಅರೆಯುವುದಕ್ಕೆ ಸಾಕಾಗುವಷ್ಟು. ಕರುಳು ಈಗಲೂ ಚಿಕ್ಕದೇ, ಹಸು ಎಮ್ಮೆಗಳಿಗೆ ಇರುವಂಥ ಉದ್ದ ಕರುಳಲ್ಲ. ತಿಂದ ಹಣ್ಣು ಬೇಗ ಬೇಗ ಹೊರಗೆ ಹೋಗುತ್ತದೆ, ಬೀಜ ಇಡೀ ಉಳಿಯುತ್ತದೆ. ಇದರಿಂದ ಕಾಡಿಗೆ ಲಾಭ. ರಾತ್ರಿ ಒಂದು ಮರದಲ್ಲಿ ತಿಂದ ಅತ್ತಿಹಣ್ಣಿನ ಬೀಜ ಇನ್ನೆಲ್ಲೋ ಬೀಳುತ್ತದೆ.

ಇದರ ಹತ್ತಿರದ ಬಂಧುಗಳು ಅಮೆರಿಕ ಖಂಡಗಳ ರಕೂನ್ ಮತ್ತು ಕೊವಾಟಿ ಎಂಬ ಪ್ರಾಣಿಗಳು. ಕುಟುಂಬದ ಹೆಸರು ಪ್ರೊಸಯಾನಿಡೆ, ಅಂದರೆ ರಕೂನ್ ಕುಟುಂಬ. ಡಿಎನ್‌ಎ ಹೋಲಿಸಿ ನೋಡಿದಾಗ ಗೊತ್ತಾದದ್ದು, ಈ ಕುಟುಂಬದಿಂದ ಎಲ್ಲರಿಗಿಂತ ಮೊದಲು ಬೇರೆಯಾಗಿ ಹೊರಟದ್ದು ಕಿಂಕಾಜೂವಿನ ಕವಲು. ಅದು ಎರಡು ಕೋಟಿ ವರ್ಷಕ್ಕೂ ಹಿಂದಿನ ಮಾತು. ಅಷ್ಟು ಕಾಲ ಒಂಟಿಯಾಗಿ ನಡೆದದ್ದರಿಂದ ರಕೂನಿನ ಹೋಲಿಕೆ ಮುಖದಲ್ಲಿ ಅಷ್ಟಾಗಿ ಉಳಿದಿಲ್ಲ. ರಕೂನಿಗಿರುವ ಹಾಗೆ ಕಣ್ಣಿನ ಸುತ್ತ ಕಪ್ಪು ಪಟ್ಟಿ ಇಲ್ಲ, ಬಾಲದಲ್ಲಿ ಉಂಗುರಗಳಿಲ್ಲ.

## ಬಾಲ, ಪಾದ, ನಾಲಿಗೆ

ಈ ಪ್ರಾಣಿಯನ್ನು ಗುರುತಿಸುವುದಕ್ಕೆ ಮೊದಲು ನೋಡಬೇಕಾದ್ದು ಬಾಲ. ಇದು ಸುಮ್ನೆ ತೂಗಾಡುವ ಬಾಲವಲ್ಲ, ಕೊಂಬೆಗೆ ಸುತ್ತಿ ಹಿಡಿಯುವ ಬಾಲ. ತುದಿಯಲ್ಲಿರುವ ಹಣ್ಣು ಕೈಗೆ ಎಟುಕದಿದ್ದರೆ ಬಾಲವನ್ನು ಮೇಲಿನ ಕೊಂಬೆಗೆ ಸುತ್ತಿ, ಹಿಂಗಾಲಿನಲ್ಲೂ ಹಿಡಿದು, ತಲೆಕೆಳಗಾಗಿ ಇಳಿದು ಎರಡೂ ಮುಂಗೈಯಲ್ಲಿ ಹಣ್ಣು ಹಿಡಿದು ತಿನ್ನುತ್ತದೆ. ವಾಪಸ್ ಮೇಲೆ ಹೋಗಬೇಕಾದರೆ ಮೈಯನ್ನು ತಿರುಚಿಕೊಂಡು ತನ್ನ ಬಾಲವನ್ನೇ ಹಿಡಿದು ಹತ್ತುತ್ತದೆ. ಮಲಗಿದಾಗ ಅದೇ ಬಾಲ ಹೊದಿಕೆ.

ಇಡೀ ಕಾರ್ನಿವೊರಾ ಗಣದಲ್ಲಿ ಹೀಗೆ ಹಿಡಿಯುವ ಬಾಲ ಇರುವುದು ಎರಡಕ್ಕೆ ಮಾತ್ರ. ಒಂದು ಕಿಂಕಾಜೂ. ಇನ್ನೊಂದು ಏಷ್ಯಾದ ಬಿಂಟುರಾಂಗ್. ಬಿಂಟುರಾಂಗ್ ನಮ್ಮ ಈಶಾನ್ಯ ರಾಜ್ಯಗಳ ಕಾಡಿನಲ್ಲೂ ಇದೆ. ಅದು ಪುನುಗಿನ ಕುಟುಂಬದ್ದು, ಇದು ರಕೂನಿನ ಕುಟುಂಬದ್ದು. ಇಬ್ಬರಿಗೂ ನೇರ ಸಂಬಂಧವಿಲ್ಲ.

ಹಿಂಗಾಲಿನ ಪಾದ ಹಿಂದಕ್ಕೆ ತಿರುಗುತ್ತದೆ. ಹಾಗಾಗಿ ಕಿಂಕಾಜೂ ಮರದಿಂದ ತಲೆ ಮುಂದಾಗಿ ಸರಾಗವಾಗಿ ಇಳಿಯಬಲ್ಲದು. ಬೆಕ್ಕು ಮರ ಹತ್ತಿ ಇಳಿಯಲಾರದೆ ಪೇಚಾಡುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ನಾಲಿಗೆ ಸುಮಾರು 12 ಸೆಂಟಿಮೀಟರ್ ಉದ್ದ. ಹಣ್ಣಿನ ಒಳಗಿನ ತಿರುಳು ಕೆರೆದು ತೆಗೆಯುವುದಕ್ಕೆ, ಹೂವಿನ ತಳದ ಮಕರಂದ ನೆಕ್ಕುವುದಕ್ಕೆ ಇದು ಬೇಕು. ಬಾಲ್ಸಾ ಮರದ ಹೂವನ್ನೇ ತೆಗೆದುಕೊಳ್ಳಿ. ಆಟದ ವಿಮಾನಗಳಿಗೆ, ಗಾಳಿಯಂತ್ರದ ರೆಕ್ಕೆಗಳಿಗೆ ಬಳಸುವ ಆ ಹಗುರ ಮರದ್ದೇ ಹೂವು. ರಾತ್ರಿ ಅರಳುತ್ತದೆ, ಬಟ್ಟಲಿನಷ್ಟು ದೊಡ್ಡದು, ಒಳಗೆ ಮಕರಂದ ಧಾರಾಳ. ಕಿಂಕಾಜೂ ಅದರೊಳಗೆ ಮುಖವನ್ನೇ ಹುದುಗಿಸಿ ಕುಡಿಯುತ್ತದೆ. ಹೊರಗೆ ತೆಗೆದಾಗ ಮುಖದ ತುಂಬ ಪರಾಗ. ಅದೇ ಮುಖ ಮುಂದಿನ ಹೂವಿಗೆ. ಬಾವಲಿ ಮಾಡುವ ಪರಾಗಸ್ಪರ್ಶದ ಕೆಲಸವನ್ನು ಇದೂ ಮಾಡುತ್ತದೆ ಎಂದು ಪನಾಮಾದಲ್ಲಿ ಆ ಹೂಗಳನ್ನು ಕಾದು ನೋಡಿದ ಸಂಶೋಧಕರು ತೋರಿಸಿದ್ದಾರೆ.

## ಕಿಂಕಾಜೂ ಅನ್ನುವ ಹೆಸರು ಹಿಮದ ನಾಡಿನದ್ದು

ಕಿಂಕಾಜೂ ಅನ್ನುವುದು ಮಳೆಕಾಡಿನ ಯಾವುದೋ ಬುಡಕಟ್ಟಿನ ಮಾತಿರಬೇಕು ಅಂತ ಯಾರಿಗಾದರೂ ಅನಿಸುತ್ತದೆ. ಅಲ್ಲ. ಆ ಮಾತು ಹುಟ್ಟಿದ್ದು ಉತ್ತರ ಅಮೆರಿಕದ ಚಳಿಯ ಕಾಡುಗಳಲ್ಲಿ, ಈಗಿನ ಕೆನಡಾದ ಕಡೆ. ಅಲ್ಲಿನ ಮೂಲನಿವಾಸಿಗಳ ಆಲ್ಗಾಂಕ್ವಿಯನ್ ಭಾಷಾಕುಟುಂಬದ್ದು ಅದು. ಅವರು ಆ ಮಾತಿನಿಂದ ಕರೆಯುತ್ತಿದ್ದದ್ದು ವೂಲ್ವರಿನ್ ಎಂಬ ಪ್ರಾಣಿಯನ್ನು. ವೂಲ್ವರಿನ್ ಅಂದರೆ ಚಿಕ್ಕ ಕರಡಿಯ ಹಾಗೆ ಕಾಣುವ, ಗಟ್ಟಿ ಮೈಯ, ಹಿಮದಲ್ಲಿ ಬೇಟೆಯಾಡುವ ಒರಟು ಪ್ರಾಣಿ. ಮಳೆಕಾಡಿನ ಕೊಂಬೆಯಲ್ಲಿ ಅತ್ತಿಹಣ್ಣು ತಿನ್ನುವ ನಮ್ಮ ಕಿಂಕಾಜೂವಿಗೂ ಅದಕ್ಕೂ ಎಲ್ಲಿಂದೆಲ್ಲಿಗೆ!

ಆ ಮಾತು ಫ್ರೆಂಚರ ಕಿವಿಗೆ ಬಿದ್ದು ಕೆಂಕಜೂ ಎಂಬ ರೂಪ ಪಡೆಯಿತು. ಫ್ರೆಂಚ್ ವ್ಯಾಪಾರಿ ನಿಕೊಲಾ ದೆನಿ ತಾನು ದಶಕಗಳ ಕಾಲ ಇದ್ದ ಅಕೇಡಿಯಾ, ಅಂದರೆ ಈಗಿನ ಕೆನಡಾದ ಪೂರ್ವ ಕರಾವಳಿಯ ಪ್ರದೇಶದ ಬಗ್ಗೆ 1672ರಲ್ಲಿ ಬರೆದ. ಅದರಲ್ಲಿ ಈ ಕೆಂಕಜೂವಿನ ವರ್ಣನೆ ಬರುತ್ತದೆ. ಬೆಕ್ಕಿನಂಥ ಪ್ರಾಣಿ, ಉದ್ದ ಬಾಲ, ಮರ ಹತ್ತಿ ಕೊಂಬೆಯ ಮೇಲೆ ಹೊಂಚು ಹಾಕುತ್ತದೆ, ಕೆಳಗೆ ಬಂದ ಮೂಸ್ ಎಂಬ ದೊಡ್ಡ ಕಡವೆಯ ಮೇಲೆ ಹಾರಿ ಕುತ್ತಿಗೆ ಕಚ್ಚುತ್ತದೆ. ಓದಿದರೆ ಕಣ್ಣಾರೆ ಕಂಡದ್ದೂ ಜನರ ಬಾಯಲ್ಲಿ ಕೇಳಿದ್ದೂ ಕಲೆತುಹೋದ ಹಾಗಿದೆ. ವೂಲ್ವರಿನ್‌ಗೆ ಅಂಥ ಉದ್ದ ಬಾಲವೇ ಇಲ್ಲ.

ಮುಂದಿನ ಶತಮಾನದಲ್ಲಿ ಪ್ಯಾರಿಸ್‌ನ ಪ್ರಕೃತಿಶಾಸ್ತ್ರಜ್ಞ ಬಫನ್ ಆ ಹೆಸರನ್ನು ದಕ್ಷಿಣದ ಈ ಪ್ರಾಣಿಗೆ ತಂದು ಅಂಟಿಸಿದ. ಪುಸ್ತಕದಲ್ಲಿದ್ದ ಪ್ರಾಣಿಗೆ ಉದ್ದ ಬಾಲ, ಮರ ಹತ್ತುವ ಅಭ್ಯಾಸ. ಕಣ್ಣೆದುರಿಗಿದ್ದ ಪ್ರಾಣಿಗೂ ಅದೇ. ಬಫನ್ ಹೆಸರು ಆ ಕಾಲದಲ್ಲಿ ಎಷ್ಟು ದೊಡ್ಡದು ಅಂದರೆ, ಅವನು ಬರೆದದ್ದನ್ನು ಯುರೋಪೆಲ್ಲ ಓದುತ್ತಿತ್ತು. ಹೆಸರು ಅಲ್ಲೇ ನಿಂತುಬಿಟ್ಟಿತು.

ಇದರ ತಮಾಷೆ ಏನೆಂದರೆ, ವೂಲ್ವರಿನ್‌ಗೂ ತನ್ನ ಹಳೆಯ ಹೆಸರು ಪೂರ್ತಿ ತಪ್ಪಿಹೋಗಲಿಲ್ಲ. ಕೆನಡಾದ ಫ್ರೆಂಚ್ ಮಾತನಾಡುವವರು ಇವತ್ತಿಗೂ ಅದನ್ನು ಕಾರ್ಕಜೂ ಅನ್ನುತ್ತಾರೆ. ಅದೂ ಅಲ್ಲಿನ ಮೂಲನಿವಾಸಿಗಳ ಭಾಷೆಯಿಂದಲೇ ಬಂದದ್ದು. ಕಾರ್ಕಜೂ, ಕಿಂಕಾಜೂ. ಕೇಳುವುದಕ್ಕೆ ಅಣ್ಣತಮ್ಮಂದಿರ ಹೆಸರು, ಆದರೆ ಪ್ರಾಣಿಗಳು ಬೇರೆ ಕಾಡಿನವು, ಬೇರೆ ಕುಟುಂಬದವು.

## ವೈಜ್ಞಾನಿಕ ಹೆಸರಾದರೂ ಸರಿ ಇದೆಯಾ?

ಊರಿನ ಹೆಸರುಗಳಲ್ಲಿ ಗೊಂದಲ ಇದ್ದದ್ದೇ ಅಂತಲೇ ವಿಜ್ಞಾನಿಗಳು ಪ್ರತಿ ಪ್ರಾಣಿಗೂ ಎರಡು ಪದದ ಒಂದು ಹೆಸರು ಇಡುತ್ತಾರೆ. ಮೊದಲ ಪದ ಅದು ಯಾವ ಹತ್ತಿರದ ಗುಂಪಿನದು ಅನ್ನುವುದಕ್ಕೆ, ಎರಡನೆಯದು ಆ ಪ್ರಭೇದಕ್ಕೆ. ಕಿಂಕಾಜೂವಿನ ಹೆಸರು ಪೋಟೋಸ್ ಫ್ಲೇವಸ್.

1774ರಲ್ಲಿ ಜರ್ಮನಿಯ ಶ್ರೇಬರ್ ಇದಕ್ಕೆ ಮೊದಲು ಕೊಟ್ಟ ಹೆಸರು ಲೀಮರ್ ಫ್ಲೇವಸ್. ಫ್ಲೇವಸ್ ಅಂದರೆ ಹಳದಿ, ಹೊಂಬಣ್ಣ. ಅದು ಸರಿಯೇ. ಆದರೆ ಲೀಮರ್? ಅದು ಮಡಗಾಸ್ಕರ್ ದ್ವೀಪದ ಪ್ರಾಣಿ, ಕೋತಿ ಮತ್ತು ಮನುಷ್ಯರಿರುವ ಗಣದ್ದು. ದೊಡ್ಡ ಕಣ್ಣು, ಉದ್ದ ಬಾಲ, ಹಿಡಿಯುವ ಕೈ ನೋಡಿ ಶ್ರೇಬರ್ ಹಾಗೆ ಭಾವಿಸಿದ್ದ. ಕೆಲವೇ ವರ್ಷಗಳಲ್ಲಿ ಇದನ್ನು ಪುನುಗಿನ ಗುಂಪಿಗೂ ಸೇರಿಸಿದ್ದಾಯಿತು.

1795ರಲ್ಲಿ ಫ್ರಾನ್ಸಿನ ಜೆಫ್ರಾಯ್ ಮತ್ತು ಕುವಿಯೆ ಇದು ಲೀಮರ್ ಅಲ್ಲ ಎಂದು ಬೇರೆ ಮಾಡಿ ಪೋಟೋಸ್ ಎಂಬ ಹೊಸ ಗುಂಪು ಮಾಡಿದರು. ತಪ್ಪು ಸರಿಹೋಯಿತು ಅಂದುಕೊಂಡಿರಾ? ಪೋಟೋಸ್ ಅನ್ನುವ ಪದ ಬಂದಿರುವುದು ಪೊಟ್ಟೊ ಎಂಬ ಪ್ರಾಣಿಯ ಹೆಸರಿನಿಂದ. ಪೊಟ್ಟೊ ಆಫ್ರಿಕಾದ ಕಾಡಿನದ್ದು, ನಮ್ಮ ಕಾಡುಪಾಪದ ನೆಂಟ. ಕಾಡುಪಾಪ ಗೊತ್ತಲ್ಲ, ತುಮಕೂರಿನ ಕಡೆ ಹೊಲದ ಬದುವಿನ ಮರಗಳಲ್ಲಿ ರಾತ್ರಿ ದೊಡ್ಡ ಕಣ್ಣು ಬಿಟ್ಟುಕೊಂಡು ನಿಧಾನವಾಗಿ ಓಡಾಡುವ ಪುಟ್ಟ ಪ್ರಾಣಿ. ಅದರ ಆಫ್ರಿಕಾದ ಬಂಧುವಿನ ಹೆಸರು ಅಮೆರಿಕದ ಕಿಂಕಾಜೂವಿಗೆ ಅಂಟಿಕೊಂಡಿದೆ.

ಹೋಗಲಿ, ಈಗ ಬದಲಾಯಿಸಬಾರದೇ? ಪ್ರಾಣಿಗಳ ಹೆಸರಿಗೆ ಒಂದು ಅಂತಾರಾಷ್ಟ್ರೀಯ ನಿಯಮವಿದೆ. ಮೊದಲು ಸರಿಯಾಗಿ ಪ್ರಕಟವಾದ ಹೆಸರೇ ನಿಲ್ಲಬೇಕು. ಹೆಸರಿನ ಅರ್ಥ ಹೊಂದುವುದಿಲ್ಲ ಅನ್ನುವ ಕಾರಣಕ್ಕೆ ಬದಲಿಸುವ ಹಾಗಿಲ್ಲ. ಗುಂಪು ತಪ್ಪಾಗಿದ್ದರೆ ಮೊದಲ ಪದ ಬದಲಾಗಬಹುದು, ಲೀಮರ್ ಹೋಗಿ ಪೋಟೋಸ್ ಬಂದದ್ದು ಹಾಗೇ. 1774ರ ಫ್ಲೇವಸ್ ಮಾತ್ರ ಅಲುಗಾಡಿಲ್ಲ. ಈ ನಿಯಮ ಹಟಮಾರಿತನ ಅನಿಸಬಹುದು. ಆದರೆ ಪ್ರತಿಯೊಬ್ಬರೂ ತಮಗೆ ಸರಿ ಕಂಡ ಅರ್ಥಕ್ಕೆ ಹೆಸರು ತಿದ್ದುತ್ತಾ ಹೋದರೆ ಹತ್ತು ವರ್ಷದ ಹಿಂದಿನ ಪುಸ್ತಕ ಯಾವ ಪ್ರಾಣಿಯ ಬಗ್ಗೆ ಅಂತಲೇ ತಿಳಿಯುವುದಿಲ್ಲ. ಹೆಸರಿನ ಕೆಲಸ ಗುರುತು ಹಿಡಿಯುವುದು, ವರ್ಣಿಸುವುದಲ್ಲ.

## ದೇಶಕ್ಕೊಂದು ಹೆಸರು

ಈ ಪ್ರಾಣಿ ನಿಜವಾಗಿ ಇರುವ ದೇಶಗಳಲ್ಲಿ ಕಿಂಕಾಜೂ ಅಂದರೆ ಹಳ್ಳಿಯವರಿಗೆ ತಿಳಿಯುವುದೇ ಅನುಮಾನ. ಮೆಕ್ಸಿಕೋದಲ್ಲಿ ಇದು ಮಾರ್ತುಚಾ. ಮಾರ್ತಾ ಅಂದರೆ ಮಾರ್ಟೆನ್, ನೀರುನಾಯಿಯ ಕುಟುಂಬದ ಒಂದು ಉದ್ದ ಮೈಯ ಪ್ರಾಣಿ. ಗ್ವಾಟೆಮಾಲಾ, ಹೊಂಡುರಾಸ್ ಕಡೆ ಮಿಕೋಲಿಯೋನ್, ಅಂದರೆ ಕೋತಿ ಸಿಂಹ! ಮಿಕೋ ದೆ ನೋಚೆ ಅಂತಲೂ ಹೇಳುತ್ತಾರೆ, ರಾತ್ರಿಯ ಕೋತಿ. ಕೊಲಂಬಿಯಾದಲ್ಲಿ ಪೆರೋ ದೆ ಮೊಂತೆ, ಕಾಡುನಾಯಿ ಅಂದ ಹಾಗೆ. ಪೆರುವಿನಲ್ಲಿ ಚೋಸ್ನಾ, ವೆನಿಜುವೆಲಾದಲ್ಲಿ ಕುಚಿಕುಚಿ. ಬ್ರೆಜಿಲ್‌ನವರ ಜುಪಾರಾ ಅಲ್ಲಿನ ತುಪಿ ಭಾಷೆಯಿಂದ ಬಂದದ್ದು. ಬೆಲೀಜ್‌ನವರ ಹೆಸರೇ ನನಗೆ ಎಲ್ಲಕ್ಕಿಂತ ಇಷ್ಟ: ನೈಟ್‌ವಾಕರ್. ಯಾವ ಪ್ರಾಣಿಗೂ ಹೋಲಿಸುವ ಗೋಜಿಲ್ಲ, ರಾತ್ರಿ ಓಡಾಡುತ್ತದೆ, ಅಷ್ಟೇ.

ಇಷ್ಟೂ ಸಾಲದು ಅಂತ ಒಂದೇ ಹೆಸರು ಎರಡು ಕಡೆ ಎರಡು ಪ್ರಾಣಿಗೆ ಇರುವುದುಂಟು. ಈಕ್ವೆಡಾರ್‌ನಲ್ಲಿ ಕುಸುಂಬೋ ಅಂದರೆ ಕಿಂಕಾಜೂ. ಗಡಿ ದಾಟಿ ಕೊಲಂಬಿಯಾಕ್ಕೆ ಹೋದರೆ ಕುಸುಂಬೋ ಅಂದರೆ ಕೊವಾಟಿ.

ಇಂಗ್ಲಿಷಿನಲ್ಲಿ, ಅದರಲ್ಲೂ ಸಾಕುಪ್ರಾಣಿ ಮಾರುವವರ ಬಾಯಲ್ಲಿ, ಇದು ಹನಿ ಬೇರ್. ಜೇನು ಕರಡಿ. ಕಿಂಕಾಜೂ ಕರಡಿಯಲ್ಲ. ಸಾಕಿದವು ಜೇನು ಕೊಟ್ಟರೆ ಬಿಡುವುದಿಲ್ಲ, ಆದರೆ ಕಾಡಿನಲ್ಲಿ ಇದರ ಊಟ ಹಣ್ಣು. ಮೈಬಣ್ಣ ಜೇನಿನದು, ಅದೊಂದು ನಿಜ. ಆಗ್ನೇಯ ಏಷ್ಯಾದ ಸನ್ ಬೇರ್‌ಗೂ ಹನಿ ಬೇರ್ ಅನ್ನುತ್ತಾರೆ, ಅದು ನಿಜವಾದ ಕರಡಿ. ನಮ್ಮ ಕರಡಿಯ ವೈಜ್ಞಾನಿಕ ಹೆಸರು ಮೆಲರ್ಸಸ್‌ನ ಅರ್ಥವೂ ಜೇನು ಕರಡಿಯೇ. ಹಂಪಿ ಹತ್ತಿರದ ದರೋಜಿಯಲ್ಲಿ ಬಂಡೆಗಳ ನಡುವೆ ಕಾಣುವ ಆ ಕರಡಿಯ ಕತೆಯೂ ಸ್ವಾರಸ್ಯವಾಗಿದೆ. 1791ರಲ್ಲಿ ಇಂಗ್ಲೆಂಡಿನ ಜಾರ್ಜ್ ಶಾ ಅದರ ಉಗುರು ನೋಡಿ ಅದನ್ನು ಅಮೆರಿಕದ ಸ್ಲಾತ್ ಎಂಬ ಪ್ರಾಣಿಯ ಗುಂಪಿಗೆ ಸೇರಿಸಿದ್ದ. ಇಂಗ್ಲಿಷಿನಲ್ಲಿ ಇನ್ನೂ ಸ್ಲಾತ್ ಬೇರ್ ಅನ್ನುವುದು ಅದಕ್ಕೇ.

ಕನ್ನಡದವರೂ ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. ನೀರುನಾಯಿ ನಾಯಿಯಲ್ಲ. ಪುನುಗು ಬೆಕ್ಕು ಬೆಕ್ಕಲ್ಲ. ಮಲೆನಾಡಿನವರು ಹಾರುಬೆಕ್ಕು ಅನ್ನುವುದು ಮರದಿಂದ ಮರಕ್ಕೆ ತೇಲುವ ದೊಡ್ಡ ಅಳಿಲನ್ನು. ಹೊಸ ಪ್ರಾಣಿ ಕಂಡಾಗ ಗೊತ್ತಿರುವ ಪ್ರಾಣಿಯ ಹೆಸರಿನ ಜೊತೆ ಇನ್ನೊಂದು ಗುರುತು ಸೇರಿಸುವುದು ಎಲ್ಲ ಭಾಷೆಯವರೂ ಮಾಡುವ ಕೆಲಸ.

## ಯಾಕೆ ಎಲ್ಲರ ಹಾಗೂ ಕಾಣುತ್ತದೆ?

ಎಲ್ಲರೂ ತಪ್ಪು ಮಾಡಿದರು ಅನ್ನುವುದಕ್ಕಿಂತ, ಯಾಕೆ ಈ ಪ್ರಾಣಿ ಅಷ್ಟು ಜನರನ್ನು ಯಾಮಾರಿಸಿತು ಅಂತ ಕೇಳಬೇಕು. ಉತ್ತರ ಅದರ ಬದುಕಿನಲ್ಲಿದೆ.

ಎತ್ತರದ ಮರದ ತುದಿಯಲ್ಲಿ ಹಣ್ಣು ತಿಂದು ಬದುಕಬೇಕಾದ ಯಾವ ಪ್ರಾಣಿಗಾದರೂ ಕೆಲವು ಸಲಕರಣೆ ಬೇಕೇ ಬೇಕು. ಕೊಂಬೆ ಹಿಡಿಯುವ ಕೈಕಾಲು. ಜಾರಿದರೆ ತಡೆಯುವ ಬಾಲ. ರಾತ್ರಿಯ ಓಡಾಟವಾದರೆ ದೊಡ್ಡ ಕಣ್ಣು. ಕೋತಿಗಳ ವಂಶ ಇವುಗಳಲ್ಲಿ ಕೆಲವನ್ನು ಪಡೆಯಿತು, ಲೀಮರ್ ಕೆಲವನ್ನು, ಬಿಂಟುರಾಂಗ್ ಕೆಲವನ್ನು. ರಕೂನ್ ಕುಟುಂಬದಿಂದ ಹೊರಟ ಕಿಂಕಾಜೂ ತನ್ನದೇ ದಾರಿಯಲ್ಲಿ ಇವನ್ನೆಲ್ಲ ಪಡೆಯಿತು. ಯಾರೂ ಯಾರಿಂದಲೂ ಪಡೆದದ್ದಲ್ಲ. ಒಂದೇ ತರದ ಬದುಕು ಬೇರೆ ಬೇರೆ ವಂಶಗಳಲ್ಲಿ ಒಂದೇ ತರದ ಮೈಯನ್ನು ರೂಪಿಸುವುದಕ್ಕೆ ಕನ್ವರ್ಜೆಂಟ್ ಎವಲ್ಯೂಷನ್ ಅನ್ನುತ್ತಾರೆ.

ಅದೇ ಅಮೆರಿಕದ ಕಾಡಿನಲ್ಲಿ ಹಗಲು ಹೊತ್ತು ಹಣ್ಣಿನ ಮರಗಳಲ್ಲಿ ಬಾಲದಿಂದ ಜೋತಾಡುವುದು ಜೇಡಕೋತಿ. ಕತ್ತಲಾದ ಮೇಲೆ ಅದೇ ಮರಕ್ಕೆ ಕಿಂಕಾಜೂ ಬರುತ್ತದೆ. ಒಂದೇ ಮರ, ಎರಡು ಪಾಳಿ. ರಾತ್ರಿಯ ಕೋತಿ ಅಂತ ಹೆಸರಿಟ್ಟವರು ಪ್ರಾಣಿಯ ವಂಶದಲ್ಲಿ ತಪ್ಪಿರಬಹುದು, ಅದು ಮಾಡುವ ಕೆಲಸದಲ್ಲಿ ತಪ್ಪಿಲ್ಲ.

ಪಶ್ಚಿಮ ಘಟ್ಟದಲ್ಲೂ ಈ ಪಾಳಿಯವರಿದ್ದಾರೆ. ನಮ್ಮ ಘಟ್ಟದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಕಂದು ಪುನುಗು ಕೂಡ ಕಾರ್ನಿವೊರಾ ಗಣದ್ದೇ. ಅದೂ ರಾತ್ರಿ ಮರದ ಮೇಲೆ ಓಡಾಡಿ ಹೆಚ್ಚಾಗಿ ಹಣ್ಣು ತಿಂದು ಬೀಜ ಹರಡುತ್ತದೆ. ಬಾಲದಿಂದ ಹಿಡಿಯುವುದು ಮಾತ್ರ ಅದಕ್ಕೆ ಬರುವುದಿಲ್ಲ.

## ಗುರುತು ತಪ್ಪಿದರೆ ಆಗುವುದೇನು?

ಕಿಂಕಾಜೂವಿನ ಕಾಡಿನಲ್ಲೇ ಒಲಿಂಗೊ ಎಂಬ ಪ್ರಾಣಿ ಇದೆ. ಅದೇ ರಕೂನ್ ಕುಟುಂಬ, ಹೆಚ್ಚುಕಮ್ಮಿ ಅದೇ ಬಣ್ಣ, ಅದೇ ರಾತ್ರಿ ಬದುಕು. ರಾತ್ರಿ ನೋಡಿದವರು ಸುಲಭವಾಗಿ ಯಾಮಾರುತ್ತಾರೆ. ವ್ಯತ್ಯಾಸ ಬಾಲದಲ್ಲಿ. ಒಲಿಂಗೊ ಬಾಲ ಪೊದೆಯಂತಿರುತ್ತದೆ, ಕೊಂಬೆಗೆ ಸುತ್ತಿ ಹಿಡಿಯುವುದಿಲ್ಲ. ಡಿಎನ್‌ಎ ಪ್ರಕಾರ ಒಲಿಂಗೊಗೆ ಹತ್ತಿರದ ಬಂಧು ಕೊವಾಟಿ, ಕಿಂಕಾಜೂ ಅಲ್ಲ.

ಈ ಒಲಿಂಗೊಗಳ ಜೊತೆ ಇನ್ನೊಂದು ಪ್ರಭೇದ ಬಚ್ಚಿಟ್ಟುಕೊಂಡಿತ್ತು. 1960 ಮತ್ತು 70ರ ದಶಕದಲ್ಲಿ ಅಮೆರಿಕದ ಮೃಗಾಲಯಗಳಲ್ಲಿ ರಿಂಗರ್ಲ್ ಎಂಬ ಒಂದು ಹೆಣ್ಣು ಪ್ರಾಣಿಯಿತ್ತು. ಒಲಿಂಗೊ ಅಂದುಕೊಂಡು ಅದನ್ನು ಒಂದು ಮೃಗಾಲಯದಿಂದ ಇನ್ನೊಂದಕ್ಕೆ ಕಳಿಸಿ, ಗಂಡು ಒಲಿಂಗೊ ಜೊತೆ ಮರಿ ಮಾಡಿಸಲು ನೋಡಿದರು. ಆಗಲಿಲ್ಲ. ಅದು ಹಟ ಮಾಡಿದ್ದಲ್ಲ, ಅದು ಬೇರೆಯೇ ಪ್ರಭೇದ. 2013ರ ಆಗಸ್ಟ್‌ನಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯ ಕ್ರಿಸ್ಟೋಫರ್ ಹೆಲ್ಗನ್ ಮತ್ತು ಜೊತೆಯವರು ಆ ಪ್ರಭೇದಕ್ಕೆ ಒಲಿಂಗಿಟೊ ಎಂದು ಹೆಸರು ಕೊಟ್ಟು ಪ್ರಕಟಿಸಿದರು. ಕೊಲಂಬಿಯಾ ಮತ್ತು ಈಕ್ವೆಡಾರ್‌ನ ಮಂಜು ಕವಿದ ಬೆಟ್ಟದ ಕಾಡುಗಳು ಅದರ ಮನೆ. ಅಮೆರಿಕ ಖಂಡಗಳಲ್ಲಿ ಕಾರ್ನಿವೊರಾ ಗಣದ ಹೊಸ ಪ್ರಾಣಿ ಸಿಕ್ಕಿದ್ದು 35 ವರ್ಷಗಳ ನಂತರ. ಸಿಕ್ಕಿದ್ದು ಅನ್ನುವುದೂ ಪೂರ್ತಿ ಸರಿಯಲ್ಲ. ಅದರ ಚರ್ಮ, ತಲೆಬುರುಡೆ ದಶಕಗಳಿಂದ ಮ್ಯೂಸಿಯಂ ಡ್ರಾಯರುಗಳಲ್ಲಿ ತಪ್ಪು ಚೀಟಿ ಹಚ್ಚಿಕೊಂಡು ಕೂತಿತ್ತು.

ಆ ತಂಡದಲ್ಲಿದ್ದ ರೋಲಂಡ್ ಕೇಸ್ 1990ರ ದಶಕದಲ್ಲಿ ಪನಾಮಾದ ಕಾಡಿನಲ್ಲಿ ಕಿಂಕಾಜೂಗಳ ಹಿಂದೆ ರಾತ್ರಿ ಅಲೆದವರು. ಒಂಟಿ ಪ್ರಾಣಿ ಅಂತ ಎಲ್ಲರೂ ನಂಬಿದ್ದ ಕಿಂಕಾಜೂಗೆ ಸಂಸಾರವಿದೆ ಎಂದು ಆ ಅಧ್ಯಯನದಿಂದ ತಿಳಿಯಿತು. ಒಂದು ಹೆಣ್ಣು, ಎರಡು ಗಂಡು, ಅವುಗಳ ಜೊತೆ ಚಿಕ್ಕವು. ಊಟಕ್ಕೆ ಹೆಚ್ಚಾಗಿ ಒಬ್ಬೊಬ್ಬರೇ ಹೋಗುತ್ತಾರೆ. ಹಗಲು ನಿದ್ದೆಗೆ ಒಂದೇ ಪೊಟರೆ. ಹೆಣ್ಣು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ, ಸುಮಾರು ನಾಲ್ಕು ತಿಂಗಳ ಬಸಿರಿನ ನಂತರ.

## ಸಾಕಬಹುದಾ?

ರೀಲ್ಸ್ ನೋಡಿದ ಮೇಲೆ ಜಾಸ್ತಿ ಬರುವ ಪ್ರಶ್ನೆ ಇದೇ. ವಿಡಿಯೋದಲ್ಲಿ ಕಾಣದ ಕೆಲವು ವಿಷಯಗಳಿವೆ. ಇದು ರಾತ್ರಿಯ ಪ್ರಾಣಿ. ಮನೆಯವರು ಮಲಗುವ ಹೊತ್ತಿಗೆ ಇದು ಏಳುತ್ತದೆ. ಸಾಕಿದವು 20 ವರ್ಷ ದಾಟಿ ಬದುಕುವುದು ಸಾಮಾನ್ಯ. ಬಾಯಿಯ ಅಂಚು, ಗಂಟಲು, ಹೊಟ್ಟೆಯ ಹತ್ತಿರ ವಾಸನೆಯ ಗ್ರಂಥಿಗಳಿವೆ, ಕಂಡಲ್ಲೆಲ್ಲ ಗುರುತು ಹಾಕುತ್ತದೆ.

ಕಚ್ಚುತ್ತದೆ ಕೂಡ. ಆ ಚೂಪು ಕೋರೆಹಲ್ಲು ಪೂರ್ವಜರದ್ದು ಅಂದೆನಲ್ಲ, ಅದು ಇನ್ನೂ ಕೆಲಸ ಮಾಡುತ್ತದೆ. 2006ರಲ್ಲಿ ಅಮೆರಿಕದ ಸೆಲೆಬ್ರಿಟಿ ಪ್ಯಾರಿಸ್ ಹಿಲ್ಟನ್ ತಾವು ಸಾಕಿದ್ದ ಕಿಂಕಾಜೂವಿನಿಂದ ಕಚ್ಚಿಸಿಕೊಂಡು ಆಸ್ಪತ್ರೆಗೆ ಹೋಗಿದ್ದು ಸುದ್ದಿಯಾಗಿತ್ತು. ಮೃಗಾಲಯದ ಸಿಬ್ಬಂದಿಯೊಬ್ಬರಿಗೆ ಕಿಂಕಾಜೂ ಕಚ್ಚಿದ ಗಾಯದಲ್ಲಿ ಸಿಕ್ಕ ಹೊಸ ಬ್ಯಾಕ್ಟೀರಿಯಾಕ್ಕೆ 2005ರಲ್ಲಿ ಕಿಂಗೆಲ್ಲಾ ಪೋಟಸ್ ಅಂತಲೇ ಹೆಸರಿಟ್ಟರು. ರಕೂನ್‌ಗಳಲ್ಲಿ ಇರುವ, ಮನುಷ್ಯರ ಮಿದುಳಿಗೂ ಹಾನಿ ಮಾಡಬಲ್ಲ ಒಂದು ದುಂಡುಹುಳ ಸಾಕಿದ ಕಿಂಕಾಜೂಗಳಲ್ಲೂ ಸಿಕ್ಕಿದೆ. 2011ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಇದನ್ನು ವರದಿ ಮಾಡಿತು.

ಕಾಡಿನಲ್ಲಿ ಇವುಗಳ ಸ್ಥಿತಿ ಸದ್ಯಕ್ಕೆ ತೀರಾ ಆತಂಕದ್ದಲ್ಲ. ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ನ ಪಟ್ಟಿಯಲ್ಲಿ ಇದು ಅತಿ ಕಡಿಮೆ ಆತಂಕದ ವರ್ಗದಲ್ಲಿದೆ, ಆದರೆ ಸಂಖ್ಯೆ ಇಳಿಯುತ್ತಿದೆ. ಕಾಡು ಕಡಿಯುವುದು, ಮಾಂಸ ಮತ್ತು ತುಪ್ಪಳಕ್ಕೆ ಬೇಟೆ, ಸಾಕಲು ಮರಿ ಹಿಡಿಯುವುದು ಕಾರಣಗಳು. ಹೊಂಡುರಾಸ್ ದೇಶದ ಕೋರಿಕೆಯ ಮೇಲೆ ಇದು ಸೈಟಿಸ್ ಒಪ್ಪಂದದ ಮೂರನೇ ಪಟ್ಟಿಯಲ್ಲಿದೆ. ಸೈಟಿಸ್ ಅಂದರೆ ದೇಶ ದೇಶಗಳ ನಡುವೆ ಕಾಡುಪ್ರಾಣಿ, ಗಿಡಗಳ ವ್ಯಾಪಾರಕ್ಕೆ ಲಗಾಮು ಹಾಕುವ ಒಪ್ಪಂದ. ಮೂರನೇ ಪಟ್ಟಿ ಅಂದರೆ, ಒಂದು ದೇಶ ತನ್ನ ಪ್ರಾಣಿಯ ವ್ಯಾಪಾರ ತಡೆಯಲು ಉಳಿದವರ ನೆರವು ಕೇಳಿದೆ ಅಂತ ಅರ್ಥ.

ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಬಂದು ಸೈಟಿಸ್ ಪಟ್ಟಿಯ ಪ್ರಾಣಿಗಳಿಗಾಗಿ ನಾಲ್ಕನೇ ಪರಿಶಿಷ್ಟ ಸೇರಿತು. ಆ ಪರಿಶಿಷ್ಟದಲ್ಲಿರುವ ಜೀವಂತ ಪ್ರಾಣಿ ಇಟ್ಟುಕೊಂಡವರು ಅದನ್ನು ಪರಿವೇಶ್ ಎಂಬ ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು ಎಂದು 2024ರ ಫೆಬ್ರುವರಿಯಲ್ಲಿ ನಿಯಮ ಬಂದಿದೆ. ಈ ನಿಯಮಗಳ ಹಿಂದೆ ಕಾರಣವೂ ಇದೆ. 2023ರ ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರು ವಿಮಾನ ನಿಲ್ದಾಣದಲ್ಲೇ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕರೊಬ್ಬರ ಸೂಟ್‌ಕೇಸಿನಲ್ಲಿ 234 ಪ್ರಾಣಿಗಳು ಸಿಕ್ಕಿದ್ದವು. ಹೆಬ್ಬಾವು, ಗೋಸುಂಬೆ, ಆಮೆ, ಉಸಿರುಗಟ್ಟಿ ಸತ್ತ ಒಂದು ಕಾಂಗರೂ ಮರಿ.

ಇಂಥ ಪಟ್ಟಿಗಳಲ್ಲಿ ಪ್ರಾಣಿಗಳನ್ನು ಹುಡುಕುವುದು ವೈಜ್ಞಾನಿಕ ಹೆಸರಿನಿಂದ. ಮಾರುವವರು ಹನಿ ಬೇರ್ ಅನ್ನಲಿ, ಕುಚಿಕುಚಿ ಅನ್ನಲಿ, ನೋಡಬೇಕಾದ್ದು ಪೋಟೋಸ್ ಫ್ಲೇವಸ್ ಇದೆಯಾ ಅಂತ.